ಅತ್ತೆಯ ಕುತ್ತಿಗೆಗೊಂದು ದಿಂಬು

ನನ್ನ ಓರಗಿತ್ತಿಯ ಬಗ್ಗೆ ಒಳ್ಳೆಯ ಮಾತು ಬರೆಯುವುದು ನನಗೆ ಸುಲಭವಲ್ಲ. ಬರೆಯಲು ಕೂತಾಗಲೂ ಹೊಟ್ಟೆಕಿಚ್ಚು ಪಕ್ಕದಲ್ಲೇ ಕೂತಿರುತ್ತದೆ. ಮನೆಯಲ್ಲಿ ನಾನು ದೊಡ್ಡವಳು, ಅವಳು ಚಿಕ್ಕವಳು. ನಮ್ಮದು ಹಾಸಿಗೆ ದಿಂಬಿನ ಅಂಗಡಿ. ಮುಂದೆ ಅಂಗಡಿ, ಹಿಂದೆ ಮನೆ. ಅಣ್ಣತಮ್ಮಂದಿರಿಬ್ಬರೂ ಹಾಸಿಗೆ ಹೊತ್ತು ಮನೆಮನೆಗೆ ತಲುಪಿಸುವವರು. ದಿಂಬಿನ ಕೆಲಸ ಹೆಂಗಸರದು, ಅದಕ್ಕೆ ಯಜಮಾನಿ ನಮ್ಮತ್ತೆ.

ಅವಳು ಬರುವುದಕ್ಕೆ ಮುಂಚೆ ಹನ್ನೊಂದು ವರ್ಷ ದಿಂಬು ತುಂಬಿದವಳು ನಾನು. ನನ್ನ ದಿಂಬಿನ ಮೇಲೆ ಆಳು ಕೂತರೂ ತಗ್ಗುತ್ತಿರಲಿಲ್ಲ. ಹತ್ತಿಯಲ್ಲಿ ಜಿಪುಣತನ ಮಾಡಿದರೆ ಅಂಗಡಿಯ ಮರ್ಯಾದೆ ಏನಾಗಬೇಕು? ಚಿಕ್ಕವಳು ಬಂದ ಮೂರನೇ ತಿಂಗಳಿಗೇ ಗಿರಾಕಿಗಳನ್ನು ಕೇಳತೊಡಗಿದಳು: "ನೀವು ಹೇಗೆ ಮಲಗ್ತೀರಿ? ಅಂಗಾತಾನೋ, ಮಗ್ಗುಲಾಗೋ?"

ನನಗೆ ನಾಚಿಕೆಯಿಂದ ಸೆರಗು ಬಾಯಿಗೆ ಹೋಯಿತು. ಗಿರಾಕಿಗಳಿಗೆ ಮಾತ್ರ ಎಲ್ಲಿಲ್ಲದ ಖುಷಿ. ಬ್ಯಾಂಕಿನ ಗುಮಾಸ್ತ, ಬಸ್ ಡ್ರೈವರು, ಶಾಲೆಯ ಹೆಡ್‌ಮಿಸ್ಸು, ಎಲ್ಲರೂ ಚಪ್ಪಲಿ ಬಿಟ್ಟು ನಮ್ಮ ಬೆಂಚಿನ ಮೇಲೆ ಅಂಗಾತ ಮಲಗುವವರೇ. ಇವಳು ಪಕ್ಕದಲ್ಲಿ ಕುಕ್ಕರುಗಾಲಲ್ಲಿ ಕೂತು ಅವರ ಗದ್ದ ನೋಡುವಳು. ಗದ್ದ ಎದೆಗೆ ತಾಗುವ ಹಾಗಿದ್ದರೆ ದಿಂಬು ದಪ್ಪ. ಗದ್ದ ಮೇಲೆದ್ದು ತಲೆ ಹಿಂದಕ್ಕೆ ಬಿದ್ದಿದ್ದರೆ ತೆಳು. ಹಣೆಯೂ ಗದ್ದವೂ ಒಂದೇ ಮಟ್ಟಕ್ಕೆ ಬರುವ ತನಕ ಬಿಡುತ್ತಿರಲಿಲ್ಲ.

"ಅಂಗಾತ ಮಲಗೋರಿಗೆ ತಲೆ ಎತ್ತೋ ದಿಂಬು ಬೇಡ, ಕುತ್ತಿಗೆ ಹೊರೋ ದಿಂಬು ಬೇಕು," ಅನ್ನುವಳು. ಅದಕ್ಕೇ ದಿಂಬಿನ ಒಂದು ಅಂಚಿಗೆ ಹತ್ತಿಯನ್ನು ಗಟ್ಟಿ ಸುರುಳಿ ಮಾಡಿ ಇಡುವಳು, ನಡುವೆ ತೆಳ್ಳಗೆ ಹರಡುವಳು. ನಾನು ತುಂಬುತ್ತಿದ್ದೆ, ಅವಳು ತೆಗೆಯುತ್ತಿದ್ದಳು. ಜನ ತೆಗೆದವಳನ್ನೇ ಹೊಗಳಿದರು! "ಅಳತೆ ಅಕ್ಕ ಇದ್ದಾರಾ?" ಎಂದು ಕೇಳಿಕೊಂಡು ಬರುವರು. ಇಲ್ಲ ಅಂದರೆ ನನ್ನ ಮುಖ ಒಮ್ಮೆ ನೋಡಿ, ನಾಳೆ ಬರ್ತೀವಿ ಅಂದು ಹೋಗುವರು. ನಾನೇನು ಅಂಗಡಿಯ ಬಾಗಿಲೇ?

ಹೀಗಿರುವಾಗ ಅತ್ತೆ ಬಚ್ಚಲಲ್ಲಿ ಜಾರಿ ಬಿದ್ದರು. ಮೂಳೆ ಮುರಿಯಲಿಲ್ಲ, ಆದರೆ ಡಾಕ್ಟರು ಒಂದು ತಿಂಗಳು ಅಂಗಾತವೇ ಮಲಗಬೇಕು ಎಂದರು. ಜೀವಮಾನವೆಲ್ಲ ಮಗ್ಗುಲಾಗಿ ಮಲಗಿದ ಹೆಂಗಸು. ನನ್ನ ದಿಂಬಿನ ಮೇಲೆ ಎರಡು ದಿನ ಮಲಗಿದ್ದಕ್ಕೆ ಕುತ್ತಿಗೆ ಮರದ ಕೊರಡಾಯಿತು.

"ಯಾರ ದಿಂಬು ನನ್ನ ಕುತ್ತಿಗೆ ನೋವು ಕಳೆಯುತ್ತೋ ಅವರಿಗೇ ನನ್ನ ದಬ್ಬಳ," ಎಂದರು ಅತ್ತೆ. "ಅಂಗಡಿಯಲ್ಲಿ ನಾನು ಕೂರೋ ಮುಂದಿನ ಕುರ್ಚಿಯೂ ಅವರಿಗೇ."

ದಬ್ಬಳವೆಂದರೆ ಗೇಣುದ್ದದ ಆ ದಪ್ಪ ಸೂಜಿ. ಅತ್ತೆಗೆ ಅವರ ಅತ್ತೆ ಕೊಟ್ಟದ್ದು. ಹನ್ನೊಂದು ವರ್ಷದಿಂದ ಅದು ನನ್ನದೇ ಎಂದುಕೊಂಡು ಬದುಕಿದ್ದೆ.

ಚಿಕ್ಕವಳು ಅತ್ತೆಯ ಕುತ್ತಿಗೆ ಅಳೆದು ಒಂದು ದಿಂಬು ಮಾಡಿ, ಮಧ್ಯಾಹ್ನ ಬಿಸಿಲಿಗೆ ಹಾಕಿ ದಾರ ತರಲು ಪೇಟೆಗೆ ಹೋದಳು. ನಾನು ಆ ದಿಂಬಿನ ಮುಂದೆ ತುಂಬಾ ಹೊತ್ತು ನಿಂತೆ. ಎಷ್ಟು ಸೊಟ್ಟಗಿತ್ತು ನೋಡಲು, ಒಂದು ಕಡೆ ಉಬ್ಬು, ನಡುವೆ ಗುಳಿ! ಆದರೆ ಅದೇ ಗೆಲ್ಲುತ್ತದೆ ಎಂದು ನನ್ನ ಹೊಟ್ಟೆಗೆ ಗೊತ್ತಿತ್ತು. ಹೊಲಿಗೆ ಬಿಚ್ಚಿದೆ. ಎರಡು ಹಿಡಿ ಹತ್ತಿ ಆ ಗುಳಿಗೆ ತುರುಕಿದೆ. ಮತ್ತೆ ಹೊಲಿದು ಇದ್ದಲ್ಲೇ ಇಟ್ಟೆ. ಕೈ ನಡುಗಲಿಲ್ಲ, ಅದನ್ನೂ ಹೇಳಿಬಿಡುತ್ತೇನೆ.

ಮರುದಿನ ಬೆಳಗ್ಗೆ ಅತ್ತೆ ನರಳಿದರು. "ಚಿಕ್ಕವಳೂ ಕೈಕೊಟ್ಟಳಲ್ಲೇ! ಗದ್ದ ಎದೆಗೇ ಬಂದುಬಿಡ್ತು."

ಕಾಫಿ ಲೋಟ ಹಿಡಿದು ನಿಂತಿದ್ದ ನನಗೆ ಸಕ್ಕರೆ ಹಾಕದಿದ್ದರೂ ಕಾಫಿ ಸಿಹಿಯಾಗಿತ್ತು. ಚಿಕ್ಕವಳು ಓಡಿ ಬಂದು ದಿಂಬು ಎತ್ತಿಕೊಂಡಳು, ಅಂಚು ತಿರುಗಿಸಿದಳು. ನನಗೆ ನೆನಪಾದದ್ದು ಆಗಲೇ. ನಾನು ಎಡಚಿ. ನಾನು ಹಾಕಿದ ಹೊಲಿಗೆ ಎಡಕ್ಕೆ ವಾಲುತ್ತದೆ, ಮನೆಯ ಉಳಿದವರದ್ದೆಲ್ಲ ಬಲಕ್ಕೆ. ಹೊಟ್ಟೆ ಉರಿಯ ಭರದಲ್ಲಿ ನನ್ನ ಕೈಗುರುತನ್ನೇ ಅದರ ಮೇಲೆ ಬಿಟ್ಟಿದ್ದೆ!

ಚಿಕ್ಕವಳು ಹೊಲಿಗೆಯ ಮೇಲೆ ಬೆರಳಾಡಿಸಿದಳು. ತಲೆಯೆತ್ತಿ ನನ್ನ ಕಡೆ ಒಂದು ಸಲ ನೋಡಿದಳು, ಅಷ್ಟೇ.

"ಬಿಸಿಲಿಗೆ ಹಾಕಿದ್ದೆನಲ್ಲ ಅತ್ತೆ, ಹತ್ತಿ ಉಬ್ಬಿರ್ಬೇಕು. ಸಂಜೆಯೊಳಗೆ ಸರಿ ಮಾಡಿ ಕೊಡ್ತೀನಿ."

ಆ ದಿನವೆಲ್ಲ ಅವಳು ಯಾವಾಗ ಬಾಯಿ ಬಿಡುತ್ತಾಳೋ ಎಂದು ಕಾದೆ. ಬಿಡಲಿಲ್ಲ. ಬೈದಿದ್ದರೆ ನಾಲ್ಕು ಮಾತು ನಾನೂ ಆಡಿ ಹಗುರಾಗುತ್ತಿದ್ದೆ.

ಮೂರನೇ ದಿನ ಬೆಳಗ್ಗೆ ಅತ್ತೆ ನಗುತ್ತಾ ಕರೆದರು. ಕುತ್ತಿಗೆಯನ್ನು ಆ ಕಡೆ ಈ ಕಡೆ ಹೊರಳಿಸಿ ತೋರಿಸಿದರು. ಮಲಗಿದಲ್ಲೇ ಕೈ ಹಿಂದೆ ಚಾಚಿ ದಿಂಬಿನ ಅಂಚು ತಡವಿದರು. ಅವರ ಬೆರಳು ಅಲ್ಲೇ ನಿಂತಿತು.

"ಇದು ಎಡಗೈ ಹೊಲಿಗೆ! ದೊಡ್ಡವಳೇ, ಸರಿ ಮಾಡಿದ್ದು ನೀನಾ? ಹೇಳ್ಬಾರ್ದಾ?"

ನನಗೆ ಏನೂ ಅರ್ಥವಾಗಲಿಲ್ಲ. ಮೊನ್ನೆ ಮಧ್ಯಾಹ್ನದ ಮೇಲೆ ನಾನು ಆ ದಿಂಬನ್ನು ಮುಟ್ಟಿರಲಿಲ್ಲ. ಮೂಲೆಯಲ್ಲಿ ಹತ್ತಿ ಹಿಂಜುತ್ತಿದ್ದ ಚಿಕ್ಕವಳು ತಲೆಯೆತ್ತದೆ ಹೇಳಿದಳು, "ಹೌದು ಅತ್ತೆ, ಅಕ್ಕಾನೇ. ನನ್ನ ಕೈಲಿ ಆಗ್ಲಿಲ್ಲ."

ಅತ್ತೆ ತಲೆದೆಸೆಯಿಂದ ದಬ್ಬಳ ತೆಗೆದು ನನ್ನ ಎಡಗೈಯಲ್ಲಿಟ್ಟರು. ನಿಜ ಹೇಳಬೇಕೆಂದು ಬಾಯಿ ತೆರೆದೆ. ಹನ್ನೊಂದು ವರ್ಷ ಕಾದ ಕೈ ತಾನಾಗಿ ಮುಚ್ಚಿಕೊಂಡಿತು, ಬಾಯಿಯೂ ಮುಚ್ಚಿಕೊಂಡಿತು.

ಆಮೇಲೆ ಯಾರೂ ಇಲ್ಲದಾಗ ದಿಂಬು ತಿರುಗಿಸಿ ನೋಡಿದೆ. ಹೊಲಿಗೆ ಎಡಕ್ಕೇ ವಾಲಿತ್ತು. ಮೊದಲಿನ ಐದಾರು ಎಳೆ ಅಂಕುಡೊಂಕು, ಬಟ್ಟೆಯ ಮೇಲೆ ಸಾಸಿವೆಯಷ್ಟು ರಕ್ತದ ಕಲೆ. ಅಂಗಡಿಗೆ ಬಂದರೆ ಚಿಕ್ಕವಳ ಬಲಗೈಯ ಎರಡು ಬೆರಳಿಗೆ ಬಟ್ಟೆ ಸುತ್ತಿತ್ತು. ಅಭ್ಯಾಸವಿಲ್ಲದ ಎಡಗೈಯಲ್ಲಿ ಸೂಜಿ ಹಿಡಿದು ಚುಚ್ಚಿಕೊಂಡಿದ್ದಳು.

"ನೋವಾಗ್ತಿದೆಯೇನೇ?" ಎಂದೆ.

"ಇಲ್ಲ ಅಕ್ಕ. ನೀವು ಮುಂದಿನ ಕುರ್ಚಿಗೆ ಹೋಗಿ, ಗಿರಾಕಿ ಬಂದಿದ್ದಾರೆ."

ಹೋಗಿ ಕೂತೆ. ಬಂದವರನ್ನು, "ಹೇಗೆ ಮಲಗ್ತೀರಿ?" ಎಂದು ಕೇಳಿದೆ. ಕಣ್ಣು ತುಂಬಿ ಬಂದಿತ್ತು, ನಾಚಿಕೆಯೂ ಇತ್ತು. ಆದರೆ ಸುಳ್ಳೇಕೆ, ಆಗಲೂ ಹೊಟ್ಟೆ ಉರಿಯುತ್ತಲೇ ಇತ್ತು. ಮದುವೆಯಾಗಿ ಬಂದಾಗಿನಿಂದ ಈ ಮನೆಯಲ್ಲಿ ನನ್ನೊಬ್ಬಳದೇ ಎಂದು ಉಳಿದಿದ್ದದ್ದು ಆ ಎಡಗೈ ಹೊಲಿಗೆ. ಅದನ್ನೂ ಅವಳು ಒಂದೇ ಸಂಜೆಯಲ್ಲಿ ಕಲಿತುಬಿಟ್ಟಿದ್ದಳು.