ಒಂದೇ ತೆನೆಯ ಎಲೆಗಳು

ನಮ್ಮ ಹೊಲ ಪಾಲಾದರೂ ಅಂಗಳ ಒಂದೇ. ನಾನು ಕಿರಿಸೊಸೆ. ಹಿರಿಸೊಸೆ ಮಾನ್ವಿ ಕಡೆಯವಳು. ಮದುವೆಯಾಗಿ ದೇವದುರ್ಗ ಸೀಮೆಯ ಈ ಊರಿಗೆ ಬರುವಾಗ ಉಡಿಯಲ್ಲಿ ತವರಿನ ಬಿಳಿಜೋಳ ಕಟ್ಟಿಕೊಂಡು ಬಂದಳು. ಆ ಬೀಜದ ಸೊಕ್ಕಿನಲ್ಲೇ ಮುದುಕಿಯಾದಳು. ನಾನು ಕೇಳಿದಾಗ ಒಂದು ಹಿಡಿ ಕೊಟ್ಟವಳಲ್ಲ. ಮಗಳ ಉಡಿಗೇ ಹೋಗಬೇಕು ಅನ್ನುವಳು. ಮಗಳು ಹುಟ್ಟಲಿಲ್ಲ. ಒಬ್ಬ ಮಗ, ಅವನ ಹೆಂಡತಿಗೆ ಹತ್ತಿಯ ಮೇಲೆ ಕಣ್ಣು.

ಹೋದ ಚಳಿಗಾಲ ರಾಯಚೂರಿನಿಂದ ಬೆಳೆಯ ಬಗ್ಗೆ ಓದುವ ಒಬ್ಬ ಹುಡುಗಿ ಬಂದಳು. ಎಲೆಯಿಂದ ಡಿಎನ್‌ಎ ತೆಗೆದು, ಒಂದು ಹೊಲದ ಗಿಡಗಳು ಒಂದಕ್ಕೊಂದು ಎಷ್ಟು ಬೇರೆ ಎಂದು ನೋಡುತ್ತಾರಂತೆ. ಬೇರೆ ಬೇರೆ ಇದ್ದಷ್ಟೂ ಬೀಜಕ್ಕೆ ಮರ್ಯಾದೆ. ಅಂಥದ್ದನ್ನು ತಣ್ಣನೆಯ ಕೋಣೆಯಲ್ಲಿ ಕಾಪಾಡಿ ಇಡುತ್ತಾರಂತೆ. ಮುದುಕಿಯ ಮುಖ ಅರಳಿತು. ಮಗಳಿಲ್ಲದ ಬೀಜಕ್ಕೆ ಒಂದು ಮನೆ ಸಿಕ್ಕಿತಲ್ಲ.

“ಹೊಲದ ತುಂಬ ಅಲ್ಲೊಂದು ಇಲ್ಲೊಂದು ಎಲಿ ತಗೋಬೇಕ್ರಿ ಯವ್ವಾ,” ಅಂದಳು ಹುಡುಗಿ.

“ನೀ ಬದುವಿನ ಮ್ಯಾಲ ನಿಂದ್ರು. ಬೀಜದ ಬೆಳಿಗೆ ಪರರ ಕೈ ತಾಗಬಾರದು. ನಾ ತರ್ತೀನಿ.”

ಸುಗ್ಗಿ ಮುಗಿದ ಮೇಲೆ ಹುಡುಗಿ ಮತ್ತೆ ಬಂದಳು, ಮುಖ ಸಣ್ಣದು ಮಾಡಿಕೊಂಡು.

“ಎಲ್ಲಾ ಎಲಿ ಒಂದ ನಮೂನಿ ಬಂದಾವ್ರಿ. ಎಲ್ಲಿ ಹರದ್ರಿ?”

“ಬೀಜದ ಸಾಲಿನ್ಯಾಗ. ಬಂದವರ ಮುಂದ ಸೊಟ್ಟಾನು ಬಡಕಾನು ತೋರಸ್ಲೇನು?”

ಬೀಜದ ಸಾಲೆಂದರೆ, ಎಲ್ಲಕ್ಕಿಂತ ಚಂದದ ಒಂದು ತೆನೆ ಆರಿಸಿ, ಅದರ ಕಾಳನ್ನೇ ಬೇರೆಯಾಗಿ ಬಿತ್ತುವ ಸಾಲು.

ಹುಡುಗಿ ಹಣೆ ಬಡಿದುಕೊಂಡಳು. “ಅವೆಲ್ಲಾ ಒಂದ ತಾಯಿ ಮಕ್ಕಳಾದವ್ರಿ! ಸೊಟ್ಟಾನೂ ಬೇಕಿದ್ದವು ನನಗ. ರಾಯಚೂರಿನವರು ನಿಮ್ಮ ಬೀಜ ಕೈಬಿಟ್ಟಾರ್ರಿ. ಮುಂದಿನ ವರ್ಷ ಬಿತ್ರಿ, ನಾನ ಹೊಲಕ್ಕ ಇಳಿತೀನಿ.”

“ಮುಂದಿನ ವರ್ಷ ಹತ್ತಿ,” ಮುದುಕಿಯ ಸೊಸೆ ಒಳಗಿನಿಂದಲೇ ಕೂಗಿದಳು. “ಅತ್ತೀ, ಆ ಬೀಜದ ಗಡಗಿ ಖಾಲಿ ಮಾಡ್ರಿ. ಉಪ್ಪಿನಕಾಯಿಗೆ ಬೇಕು.”

ಮುದುಕಿ ನನ್ನ ಕಡೆ ತಿರುಗಿದಳು. ಇಷ್ಟು ವರ್ಷದಲ್ಲಿ ಅವಳು ನನ್ನ ಮುಂದೆ ದನಿ ತಗ್ಗಿಸಿದ್ದು ಅದೇ ಮೊದಲು.

“ನೀ ಬಿತ್ತತೀ ಏನ? ಒಂದ ವರ್ಷ?”

“ನಂದು ಈಗ ಭತ್ತದ ಗದ್ದಿ. ಮತ್ತ ಮಗಳಿಗೇ ಅಲ್ಲೇನ ಅದು? ಮಗಳನ್ನ ಹಡಿ, ಹೋಗು,” ಅಂದೆ.

ಹುಡುಗಿ ನೆಲ ನೋಡಿದಳು. ಮುದುಕಿ ಬೀಜದ ಗಡಿಗೆ ಈಚೆ ತಂದಳು. ಹುಳ ಹಿಡಿಯದಂತೆ ಕಾಳಿಗೆ ಸವರಿದ್ದ ಬೂದಿಯನ್ನು ಕೇರಿ, ಗಡಿಗೆ ಹೊತ್ತು ಹಿಟ್ಟಿನ ಗಿರಣಿಗೆ ಹೋದಳು. ಬಂದು ಒಲೆ ಹಚ್ಚಿ ಅದೇ ಹಿಟ್ಟಿನ ರೊಟ್ಟಿ ಬಡಿದು ಎಲ್ಲರಿಗೂ ನೀಡಿದಳು.

ಹುಡುಗಿ ರೊಟ್ಟಿ ಮುರಿಯದೆ ತಟ್ಟೆ ಸರಿಸಿದಳು. ನಾನು ಎರಡು ತಿಂದು, ಇನ್ನೊಂದು ಹಾಕು ಅಂದೆ.