ಬಲಗಡೆಯ ಹಾಲ್ಡಿಸ್
ಬೇಸಿಗೆ ಬಂತೆಂದರೆ ನಾರ್ವೆಯ ಬರ್ಗೆನ್ನಿನ ಹಾಲ್ಡಿಸ್ ಅಜ್ಜಿ ದಡದಗುಂಟ ಉತ್ತರಕ್ಕೆ ಹೊರಡುವ ಪ್ರವಾಸಿ ಹಡಗು ಹತ್ತಿ, ಕಂಡಕಂಡವರನ್ನೆಲ್ಲ ತಡೆದು, "ಬಲಗಡೆ ಕೋಣೇನೇ ತಾನೆ ಹಿಡಿದಿರೋದು?" ಎಂದು ವಿಚಾರಿಸುತ್ತಾಳೆ. ಎಡಗಡೆ ಎಂದವರಿಗೆ ಸಾವಿನ ಮನೆಯಲ್ಲಿ ಹೇಳುವಂತೆ ಸಮಾಧಾನ ಹೇಳುತ್ತಾಳೆ: "ಆ ಕಡೆ ಬರೀ ನೀರು ಕಣಪ್ಪ. ನೀರು ನಿಮ್ಮನೆ ನಲ್ಲೀಲೂ ಬರುತ್ತೆ." ಜಲಪಾತ ಕಂಡರೆ ಊಟಕ್ಕೆ ಕೂತವರನ್ನೂ ಎಬ್ಬಿಸಿ ಎಳೆದೊಯ್ಯುತ್ತಾಳೆ, ಕ್ಯಾಪ್ಟನ್ನೇ ಒಮ್ಮೆ ಬಾಯಲ್ಲಿ ಮೀನಿನ ತುಂಡಿಟ್ಟುಕೊಂಡು ಓಡಿಬಂದಿದ್ದ. ದಡದಲ್ಲೊಂದು ಕೆಂಪು ಮನೆ ಕಾಣಿಸಿದೊಡನೆ ಇಡೀ ಹಡಗಿಗೆ ಕೈ ಬೀಸಲು ಅಪ್ಪಣೆಯಾಗುತ್ತದೆ. ಅಲ್ಲಿ ಒಬ್ಬ ಮುದುಕಿ ಮೇಜಿನ ಬಟ್ಟೆ ಹಿಡಿದು ಬೀಸುತ್ತಿರುತ್ತಾಳೆ. "ಯಾರಜ್ಜಿ ಅದು?" ಎಂದರೆ, "ನನ್ನ ತಂಗಿ ತೂರುನ್. ಅಪ್ಪನ ದೋಣಿಗೋಸ್ಕರ ಜಗಳವಾಡಿ ಮಾತು ಬಿಟ್ಟಿದ್ದೀವಿ," ಎಂದು ಎಲ್ಲರಿಗಿಂತ ಜೋರಾಗಿ ಬೀಸುತ್ತಾ ಹೇಳುತ್ತಾಳೆ, "ನೀವೂ ಬೀಸಿ, ನಿಲ್ಲಿಸಬೇಡಿ. ಇಷ್ಟು ಕೈಗಳ ಮಧ್ಯೆ ನನ್ನದು ಯಾವುದು ಅಂತ ಅವಳಿಗೆ ಗೊತ್ತಾಗಬಾರದು."