ಶ್ರಾವಣದಲ್ಲಿ ಮುಚ್ಚಿದ ಕಿಂಡಿ

ಆಗ ನಾನು ಎಂ.ಎಸ್ಸಿ. ಮುಗಿಸಿ, ಕೆಲಸ ಹುಡುಕುತ್ತ ಧಾರವಾಡದ ಅಂಚಿನ ಅಕ್ಕನ ಮನೆಯಲ್ಲಿದ್ದೆ. ಹಿತ್ತಲ ಗೋಡೆಗೆ ಹೊಂದಿಕೊಂಡು ಅವಳದೊಂದು ಸಣ್ಣ ಕೋಳಿಗೂಡು. ಬಗ್ಗಿ ಒಳಗೆ ಹೋಗುವಷ್ಟು ಎತ್ತರ, ಮೇಲೆ ತಗಡು. ತಗಡಿನ ಕೆಳಗೆ ಎರಡೂ ಬದಿಗೆ ತಂತಿಬಲೆ ಹಾಕಿದ ಕಿಂಡಿ. ಗಾಳಿ ಕೋಳಿಗಳ ಮೈಗೆ ಬೀಸದೆ ಮೇಲಿಂದಲೇ ಹಾದುಹೋಗಲಿ ಎಂದು ಅಕ್ಕನೇ ಹಾಗೆ ಕಟ್ಟಿಸಿದ್ದಳು.

ಜಡಿಮಳೆ ಹಿಡಿದಾಗ ನೀರು ಒಳಗೆ ಬಡಿಯುತ್ತದೆಂದು ಪಶ್ಚಿಮದ ಕಿಂಡಿಗೆ ಭಾವ ತಾಡಪಾಲು ಕಟ್ಟಿದರು. ಉಳಿದದ್ದು ಪೂರ್ವದ ಕಿಂಡಿ. ಅದರ ಎದುರಿಗೇ, ನಾವೆಲ್ಲ ಕಾಕು ಎಂದು ಕರೆಯುತ್ತಿದ್ದ ಪಕ್ಕದ ಮನೆಯ ಹಿರಿಯ ಹೆಂಗಸಿನ ದೇವರ ಕೋಣೆ. ವರ್ಷವಿಡೀ ಏನೂ ಅನ್ನದ ಕಾಕು ಶ್ರಾವಣದ ಮೊದಲ ಸೋಮವಾರ ಗೋಡೆಯಾಚೆಯಿಂದ ಭಾವನನ್ನು ಕರೆದರು.

“ಪೂಜಿಗೆ ಕುಂತ್ರ ಕೋಳಿ ನಾತ ಮೂಗಿಗೆ ಬಡೀತೈತ್ರಿ. ಶ್ರಾವಣ ಮುಗಿಯೂತನಕ ಆ ಕಿಂಡಿ ಮುಚ್ಚಿಬಿಡ್ರಿ.”

“ಅದಕ್ಕೇನ್ರಿ ಕಾಕು, ಈಗ ಮುಚ್ಚತೇನಿ,” ಎಂದ ಭಾವ ಗೊಬ್ಬರದ ಖಾಲಿ ಚೀಲ ಬಿಚ್ಚಿ ಕಿಂಡಿಗೆ ಮೊಳೆ ಹೊಡೆದರು.

“ಒಳಗಿನ ಹಬೆ ಎಲ್ಲಿಂದ ಹೋಗಬೇಕ್ರಿ?” ಎಂದು ಕೇಳಿದೆ.

“ನೋಡು, ನಮ್ಮ ಕಾಲೇಜಿನಾಕಿ ನಾಳೆ ಕೋಳಿಗೆ ಫ್ಯಾನೂ ಹಚ್ಚಂತಾಳ,” ಎಂದರು. ಅಕ್ಕನೂ ನಕ್ಕಳು.

ವಾರ ಕಳೆಯುವುದರೊಳಗೆ ತಗಡಿನ ಒಳಮೈಯಿಂದ ನೀರು ತೊಟ್ಟಿಕ್ಕತೊಡಗಿತು. ನೆಲಕ್ಕೆ ಹರಡಿದ್ದ ಹೊಟ್ಟು ಮುದ್ದೆಗಟ್ಟಿತು. ಬಾಗಿಲು ತೆಗೆದರೆ ಕಣ್ಣುರಿಯುವ ಘಾಟು. ಹೊಸ ಮರಿಗಳು ತಂಡಿಗೆ ಮುದುಡಿ ಒಂದೊಂದಾಗಿ ಸಾಯುವುದನ್ನು ನೋಡಲಾರದೆ ಅಕ್ಕ ಇದ್ದಿಲಿನ ಸಿಗಡಿ ಒಲೆ ಹೊತ್ತಿಸಿ ಒಳಗಿಟ್ಟಳು.

ಮರುದಿನ ಮಧ್ಯಾಹ್ನ ಭಾವ ಊರ ಹೊರಗಿನ ಕಾರ್ಖಾನೆಯಲ್ಲಿ ಕೆಲಸದಲ್ಲಿದ್ದರು. ಸಿಗಡಿಗೆ ಇದ್ದಿಲು ಹಾಕಿ ಹೊಟ್ಟು ಬದಲಿಸಲು ಅಕ್ಕ ಗೂಡಿಗೆ ಹೋದಳು. ಮರಿಗಳು ಮಳೆಗೆ ಓಡಿ ಬಾರದಿರಲೆಂದು ಬಾಗಿಲು ಎಳೆದುಕೊಂಡಳು. ನಾನು ಸಾರಿಗೆ ಒಗ್ಗರಣೆ ಹಾಕಿ ಊಟಕ್ಕೆ ಕರೆದೆ. ಉತ್ತರವಿಲ್ಲ. ಮತ್ತೆ ಕರೆದೆ. ಕೋಳಿಗಳ ಸದ್ದೂ ಇರಲಿಲ್ಲ.

ಬಾಗಿಲು ತೆಗೆದಾಗ ಅಕ್ಕ ಗೋಡೆಗೊರಗಿ ಕುಳಿತಿದ್ದಳು, ದಣಿದು ನಿದ್ದೆ ಹೋದವಳ ಹಾಗೆ. ಕೈಯಲ್ಲಿ ಹೊಟ್ಟಿನ ಬುಟ್ಟಿ. ಹೆಸರು ಕೂಗಿದೆ. ತಲೆ ಪಕ್ಕಕ್ಕೆ ವಾಲಿತು. ಉಸಿರು ಬಿಗಿಹಿಡಿದು, ಕಂಕುಳಿಗೆ ಕೈ ಹಾಕಿ ಎಳೆದೆ. ಅವಳ ಸೀರೆ ಹೊಸ್ತಿಲಿಗೆ ಸಿಕ್ಕಿತು. ಜಗ್ಗಿ ಬಿಡಿಸುತ್ತ ಕಾಕುವನ್ನು ಕೂಗಿದೆ. ಇಂದಿಗೂ ನನಗೆ ಕಾಣುವುದು ಆ ಸಿಕ್ಕ ಸೆರಗು. ಒಗ್ಗರಣೆಗೆ ಇನ್ನಷ್ಟು ಹೊತ್ತು ಹಿಡಿದಿದ್ದರೆ, ಅವಳು ಬಾಗಿಲಿಗೆ ಅಗುಳಿ ಹಾಕಿಕೊಂಡಿದ್ದರೆ ಎಂದು ಲೆಕ್ಕ ಹಾಕುತ್ತಲೇ ಇರುತ್ತೇನೆ.

ನನ್ನ ಕೂಗಿಗೆ ಕಾಕು ಮಡಿಯಲ್ಲೇ ಓಡಿಬಂದು ಅಕ್ಕನ ಕಾಲು ಹಿಡಿದರು. ಇಬ್ಬರೂ ಸೇರಿ ಮಳೆಯಲ್ಲಿ ಮಲಗಿಸಿದೆವು. ಮುಖಕ್ಕೆ ಹನಿ ಬಿದ್ದು ಅವಳು ಕೆಮ್ಮಿದಳು. ಆಟೋ ತಂದದ್ದು ಕಾಕುವಿನ ಮಗ. ಇದ್ದಿಲಿನ ವಿಷಗಾಳಿ, ತಡವಾಗಿದ್ದರೆ ಉಳಿಯುತ್ತಿರಲಿಲ್ಲ ಎಂದರು ಡಾಕ್ಟರು. ಮರಿಗಳು ಒಂದೂ ಉಳಿಯಲಿಲ್ಲ.

ಅಕ್ಕ ಮನೆಗೆ ಬಂದ ದಿನ ಕಾಕು ಬಿಸಿ ಗಂಜಿ ತಂದರು. ಹಣೆಗೆ ವಿಭೂತಿ ಹಚ್ಚಿ, ಪಕ್ಕದಲ್ಲಿ ಕುಳಿತು ಕೈ ನೇವರಿಸಿದರು. ಏಳುವಾಗ ಭಾವನಿಗೆ ಮೆಲ್ಲಗೆ ಹೇಳಿದರು:

“ಸಿಗಡಿ ಮಾತ್ರ ಒಳಗ ಇಡಬ್ಯಾಡ್ರಿ. ಕಿಂಡಿ ಇನ್ನೆರಡು ಸೋಮವಾರ ಹಂಗ ಇರ್ಲಿ.”

“ಆತ್ರಿ,” ಎಂದರು ಭಾವ.

ನಾನು ಎದ್ದು ಹೋಗಿ ಕುಡಗೋಲಿನಿಂದ ಚೀಲ ಸೀಳಿದೆ. ಅಕ್ಕ ಗೋಡೆ ಹಿಡಿದು ನಡೆಯುತ್ತ ಹಿತ್ತಲಿಗೆ ಬಂದಳು.

“ನೀ ಕೆಲಸ ಸಿಕ್ಕ ಕೂಡ್ಲೆ ಹೋಗಾಕಿ. ನಾ ಇಲ್ಲೇ ಇರಾಕಿ. ನನಗ ಏನಾರ ಆದ್ರ ಓಡಿಬರೂದು ಈ ಕಾಕುನ,” ಎಂದಳು.

“ಆಗಿದ್ದು ಅವರಿಂದನ ಅಲ್ಲೇನು?”

ಅವಳು ಸೀಳಿದ ಚೀಲವನ್ನು ಮುಟ್ಟಿ ನೋಡಿದಳು. ಒಳಗಿಂದ ದಬ್ಬಣ, ಸುತಳಿ ತಾ ಎಂದಳು. ನಾನು ಕದಲದಿದ್ದಾಗ ತಾನೇ ಹೋಗಿ ತಂದಳು. ಒದ್ದೆ ಕಲ್ಲಿನ ಮೇಲೆ ಕುಳಿತು, ನಡುನಡುವೆ ಕೆಮ್ಮುತ್ತ, ಸೀಳಿದ್ದನ್ನು ಸಂದಿಲ್ಲದಂತೆ ಹೊಲಿದಳು.